ದೇಜಪ್ಪಣ್ಣನ ಬಾಗಿಲ ಹಿಡಿ

ಊರಿನ ಮನೆಯನ್ನು ಬಾಯಲ್ಲೇ ಕಟ್ಟುವವರೊಬ್ಬರು ನಾವು ದುಡಿಯಲು ಬಂದಿರುವ ಗಲ್ಫಿನ ಈ ಫಿಂಟಾಸಿನ ಪ್ರತಿ ಕಟ್ಟಡದಲ್ಲೂ ಇರುತ್ತಾರೆ. ನಮ್ಮಲ್ಲಿ ಅವರು ದೇಜಪ್ಪಣ್ಣ. ಊರಿನಲ್ಲಿರುವ ಅವರ ಜಾಗ ವಿಮಾನ ನಿಲ್ದಾಣಕ್ಕೆಂದು ಮೀಸಲಾಗಿದೆ. ಒಂದು ಸರಕಾರ ನಿಲ್ದಾಣ ಬರುತ್ತದೆ ಎನ್ನುತ್ತದೆ, ಮುಂದಿನದು ಬೇಡ ಎನ್ನುತ್ತದೆ. ಮನೆ ಕಟ್ಟಲು ಮಾತ್ರ ಯಾರೂ ಬಿಡುವುದಿಲ್ಲ. ತೋಡಿನ ಆಚೆಯ ನಮ್ಮ ಜಾಗಕ್ಕೆ ಆ ಮೀಸಲಿನ ಗೆರೆ ತಾಗಿಲ್ಲ. ಅದಕ್ಕೇ ಶುಕ್ರವಾರದ ಚಹಾಕ್ಕೆ ನಮ್ಮಲ್ಲಿಗೆ ಬಂದಾಗಲೆಲ್ಲ ನನ್ನ ಗಂಡ ಮುಝಮ್ಮಿಲ್ ತೋರಿಸುವ ನಮ್ಮ ಹೊಸ ಮನೆಯ ಫೋಟೋಗಳಲ್ಲಿ ಅವರು ತಪ್ಪು ಹುಡುಕುತ್ತಾರೆ. “ಕಿಟಕಿ ಸಣ್ಣ ಆಯ್ತು ಮಾರಾಯ. ಈ ಬಣ್ಣ ಯಾರು ಹೇಳಿದ್ದು, ನಿನ್ನ ಧಣಿ ಕಫೀಲನಾ?” ಆಮೇಲೆ ನನ್ನ ಕಡೆ ತಿರುಗಿ, “ಶಬ್ನಾ, ಈ ಮೆಟ್ಟಿಲಲ್ಲಿ ನಿನ್ನ ಅತ್ತೆ ಬೀಳ್ತಾರೆ ನೋಡು.” ತಮ್ಮ ಮನೆಗೆಂದು ಇಲ್ಲಿನ ರಾಯ್ ಪೇಟೆಯ ಅಂಗಡಿಯಲ್ಲಿ ಎಂದೋ ಕೊಂಡ ಹಿತ್ತಾಳೆಯ ಬಾಗಿಲ ಹಿಡಿ ಅವರ ಮಂಚದಡಿ ಇರುತ್ತದೆ. ನಿಲ್ದಾಣ ಖಚಿತವೆಂಬ ಸುದ್ದಿ ಬಂದರೆ ಅದನ್ನು ತಂದು, “ಖಲಾಸ್, ನಿಮ್ಮ ಬಾಗಿಲಿಗೇ ಹಾಕಿ” ಎಂದು ಮೇಜಿನ ಮೇಲಿಟ್ಟು ಮುಖ ತಿರುಗಿಸುತ್ತಾರೆ. ರದ್ದಾಗುತ್ತದಂತೆ ಎಂದು ಕೇಳಿದ ಸಂಜೆಯೇ ಬಂದು ಒಯ್ಯುತ್ತಾರೆ. ನಮ್ಮ ಮನೆ ಒಕ್ಕಲಿಗೆ ಮುಝಮ್ಮಿಲ್ ಊರಿಗೆ ಹೊರಟಾಗ ಆ ಹಿಡಿ ನಮ್ಮಲ್ಲೇ ಇತ್ತು. ಆದರೆ ಮುಝಮ್ಮಿಲ್ ಅದನ್ನು ಪೆಟ್ಟಿಗೆಗೆ ಹಾಕದೆ ಸಾದಾ ಸ್ಟೀಲಿನದೊಂದು ಕೊಂಡರು. ಒಕ್ಕಲಿನ ಫೋಟೋ ಬಂದಾಗ ದೇಜಪ್ಪಣ್ಣ ಕಿಟಕಿ, ಬಣ್ಣ ಯಾವುದನ್ನೂ ಹಳಿಯಲಿಲ್ಲ. ಬಾಗಿಲ ಸ್ಟೀಲಿನ ಹಿಡಿಯನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿ, “ನಂದೇ ಚಂದ” ಎಂದರು.