ಗೋಡೆಯ ಕಡೆ ತಿರುಗಿದ ಕುರ್ಚಿ

ನಮ್ಮ ಅರಕೆರೆಯಲ್ಲಿ ಹೆಣ್ಣುಮಕ್ಕಳು ಕಾಲೇಜಿಗೆ ಹೋದರೆ ಟೀಚರ್ ಆಗಬೇಕು, ಇಲ್ಲವೇ ನರ್ಸ್ ಆಗಬೇಕು. ಬೇರೆ ದಾರಿಯೂ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂಥ ಊರಿನಿಂದ ರಂಗಸ್ವಾಮಿಯ ಮಗಳು ಸಹನ ಮೈಸೂರಿಗೆ ಹೋಗಿ, ಕಿವಿ ಮತ್ತು ಮಾತಿಗೆ ಸಂಬಂಧಿಸಿದ ಬಿ.ಎಸ್ಸಿ.ಗೆ ಸೇರಿಕೊಂಡಳು. ನಾನು ಆಗ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರ್. ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಜನ ಬಸ್‌ಸ್ಟಾಪಿನಲ್ಲಿ ಹಿಡಿದುಕೊಂಡು ನನ್ನ ತಲೆ ತಿನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಬಹುದು, ಕಿವುಡ ಮಕ್ಕಳಿಗೆ ಮಾತು ಕಲಿಸಬಹುದು, ಲಕ್ವ ಹೊಡೆದು ಮಾತು ನಿಂತವರಿಗೆ ಮತ್ತೆ ಮಾತು ಬರಿಸಬಹುದು ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಅವರು ಎಲ್ಲಕ್ಕೂ ತಲೆಯಾಡಿಸಿ, ಅಂದರೆ ನರ್ಸ್ ತಾನೇ ಎಂದು ಬಸ್ಸು ಹತ್ತುತ್ತಿದ್ದರು.

ತೊಂಬತ್ನಾಲ್ಕರಲ್ಲಿ ಅವಳು ಕೊನೆಯ ವರ್ಷಕ್ಕೆ ಬಂದಳು. ಅವಳ ಗುರುಗಳಾದ ಜಯಲಕ್ಷ್ಮಮ್ಮನವರು ಆ ವರ್ಷ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಕಿವಿ ಪರೀಕ್ಷೆಯ ಶಿಬಿರಗಳನ್ನು ನಡೆಸುವವರಿದ್ದರು. ಜೊತೆಗೆ ಒಬ್ಬ ವಿದ್ಯಾರ್ಥಿಗೆ ಮಾತ್ರ ಜಾಗ. ಹೋದವರಿಗೆ ಕೈ ಪಳಗುತ್ತಿತ್ತು, ಓದು ಮುಗಿದ ಮೇಲೆ ನಾಗಮಂಗಲದ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಗುವ ಮಾತಿತ್ತು. ಸಹನಳಿಗೆ ಆ ಜಾಗ ಬೇಕೇ ಬೇಕಿತ್ತು. ಮೊದಲು ನಿಮ್ಮೂರಿನಲ್ಲಿ ಒಂದು ಶಿಬಿರ ಮಾಡು, ನೋಡಿ ಹೇಳುತ್ತೇನೆ ಎಂದಿದ್ದರು ಮೇಡಂ.

ಒಂದು ಭಾನುವಾರ ನಮ್ಮ ಶಾಲೆಯ ಕೊನೆಯ ಕೋಣೆಯನ್ನು ಬಿಟ್ಟುಕೊಟ್ಟೆ. ಕೆಲಸ ಸರಳ. ಕಿವಿಗೆ ಹೆಡ್‌ಫೋನು ಹಾಕಿ, ಗುಂಡಿ ಒತ್ತಿ ಸಣ್ಣ ಸದ್ದು ಕೇಳಿಸುವುದು, ಕೇಳಿದವರು ಬೆರಳೆತ್ತುವುದು. ಗುಂಡಿ ಒತ್ತುವ ಕೈ ಅವರಿಗೆ ಕಾಣಬಾರದು, ಅದಕ್ಕೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಡಬೇಕು. ಆದರೆ ನಮ್ಮ ಹಿರಿಯರು ಮಾತಾಡಿಸುವವರಿಗೆ ಬೆನ್ನು ಹಾಕಿ ಕೂರುತ್ತಾರೆಯೇ? ಬಂದವರೆಲ್ಲ ಮೊದಲು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು, ಚೆನ್ನಾಗಿದ್ದೀಯಾ ಎಂದು ವಿಚಾರಿಸಿ ಕೂತರು. ಮಡಿಲಲ್ಲಿ ಆಡಿಸಿದವರಿಗೆ ಆ ಕಡೆ ತಿರುಗಿ ಎನ್ನಲು ಹುಡುಗಿಗೆ ಬಾಯಿ ಬರಲಿಲ್ಲ.

ಸಾಲದ್ದಕ್ಕೆ ಹೊರಗೆ ಜಗಲಿಯಲ್ಲಿ ಪುಟ್ಟತಾಯಮ್ಮ ಕೂತಿದ್ದಳು. ಸಹನಳ ಪಕ್ಕದ ಮನೆಯವಳು, ಎಲ್ಲದಕ್ಕೂ ಮುಂದು. ಒಳಹೋಗುವವರಿಗೆಲ್ಲ ಪಾಠ ಹೇಳಿಕೊಟ್ಟಿದ್ದಳು. "ಇವತ್ತು ನಮ್ಮುಡುಗಿ ಪರೀಕ್ಸೆ ಕಣ್ರವ್ವ. ಅವ್ಳು ಗುಂಡಿ ಒತ್ದಾಗೆಲ್ಲ ಬೆಳ್ಳೆತ್ಬುಡಿ. ಮೇಡಂ ಮುಂದೆ ನಮ್ ಮಗ್ಳು ಸೋಲ್ಬಾರ್ದು."

ಹೀಗಾಗಿ ಅರಕೆರೆಯ ಮುದುಕ ಮುದುಕಿಯರ ಕಿವಿಗಳೆಲ್ಲ ಆ ಬೆಳಗ್ಗೆ ಎಳೆಮಕ್ಕಳ ಕಿವಿಗಳಾದವು. ಮೂಲೆಯಲ್ಲಿ ಕೂತಿದ್ದ ಮೇಡಂ, ಸರಾಗವಾಗಿ ಸಾಗುತ್ತಿದ್ದ ಕೆಲಸ ನೋಡಿ ಸಂತೋಷದಿಂದಲೇ ಇದ್ದಂತೆ ಕಂಡರು.

ಆಮೇಲೆ ಸಹನಳ ತಾತ ಕುಳ್ಳಯ್ಯ ಬಂದ. ಅವನಿಗೆ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಊರಿಗೆಲ್ಲ ಗೊತ್ತು, ಅವನು ಮಾತ್ರ ಒಪ್ಪಿದವನಲ್ಲ. ನ್ಯಾಯ ಹೇಳಿದ ಯಜಮಾನ, ಯಾರ ಬಳಿಯಾದರೂ 'ಏನಂದೆ' ಎಂದು ಕೇಳುವುದುಂಟೇ? ಕೇಳಿಸದಿದ್ದರೆ ಹುಬ್ಬು ಗಂಟಿಕ್ಕಿ ಎದ್ದು ಹೋಗುತ್ತಿದ್ದ, ಜನ ಕೋಪ ಬಂತೆಂದು ಸುಮ್ಮನಾಗುತ್ತಿದ್ದರು. ಇಂಥವನು ಅವಳು ಕೇಳಿಸಿದ ಪಿಸುಸದ್ದಿಗೂ ಠೀವಿಯಿಂದ ಬೆರಳೆತ್ತಿದ. ಸಹನಳಿಗೆ ಅನುಮಾನ ಬಂತು. ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ತಾತನ ಬೆರಳು ಮೇಲೆದ್ದಿತು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಸುಮ್ಮನಿದ್ದಿದ್ದರೆ ಶಿಬಿರದ ಜಾಗ ಅವಳ ಕೈಯಲ್ಲಿತ್ತು. ಕುರ್ಚಿ ಇಡುವುದು ಆ ಓದಿನಲ್ಲಿ ಮೊದಲ ಪಾಠವಂತೆ, ಅದರಲ್ಲೇ ತಪ್ಪಿದ್ದೇನೆ ಎಂದು ಗುರುವಿನ ಮುಂದೆ ಹೇಗೆ ಹೇಳುವುದು? ಆದರೂ ಹೇಳಿದಳು. ಬೆಳಗಿನಿಂದ ಮಾಡಿದ್ದೆಲ್ಲ ದಂಡ ಮೇಡಂ, ಯಾರ ಕಿವಿಯೂ ನನಗೆ ಗೊತ್ತಾಗಿಲ್ಲ ಎಂದಳು. ಸರಿ, ಈಗೇನು ಮಾಡುತ್ತೀ ಎಂದರು ಮೇಡಂ, ಅಷ್ಟೇ. ಆ ಹೆಂಗಸಿನ ಮುಖದಲ್ಲಿ ಏನೂ ಕಾಣಲಿಲ್ಲ.

ಸಹನ ಜಗಲಿಗೆ ಬಂದು ನಿಂತಳು. ಮೈಸೂರಿನ ಭಾಷೆ ಅಲ್ಲೇ ಬಿಟ್ಟಳು. "ಕೇಳ್ದೆ ಇದ್ರೂ ಬೆಳ್ಳೆತ್ತಿದ್ರೆ ನಾನು ಫೇಲಾಯ್ತೀನಿ ಕಣವ್ವ. ಕೇಳ್ನಿಲ್ಲ ಅಂದ್ರೆ ಸುಮ್ಕೆ ಕೂತ್ಕಳಿ. ನಂಗೆ ಬೆನ್ನು ಮಾಡಿ ಕೂತ್ಕಳಿ, ನಾನೇನೂ ತಪ್ಪು ತಿಳ್ಕಳಾಕಿಲ್ಲ."

ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಸಹನ ಒಳಗೆ ಹೋಗಿ ತಾತನ ಕಿವಿಯ ಹತ್ತಿರ ಅದನ್ನೇ ಕೂಗಿ ಹೇಳಿದಳು. ಮುದುಕ ಅವಳನ್ನೂ ಮೇಡಂ ಅವರನ್ನೂ ಒಮ್ಮೆ ನೋಡಿ, ಎದ್ದು, ಕುರ್ಚಿಯನ್ನು ತಾನೇ ಗೋಡೆಯ ಕಡೆ ತಿರುಗಿಸಿಕೊಂಡು ಕೂತ. ಅವಳು ಗುಂಡಿ ಒತ್ತಿದಳು, ಸದ್ದು ಏರಿಸಿದಳು, ಮತ್ತೂ ಏರಿಸಿದಳು. ಕುಳ್ಳಯ್ಯನ ಕೈ ತೊಡೆಯ ಮೇಲೇ ಇತ್ತು. ಕಿಟಕಿಯಲ್ಲಿ ಇಣುಕುತ್ತಿದ್ದವರೆಲ್ಲ ನೋಡುತ್ತಿದ್ದರು. ಕಡೆಗೆ ಒಂದು ಭಾರಿ ಸದ್ದಿಗೆ ಬೆರಳು ಮೆಲ್ಲಗೆ ಮೇಲೆದ್ದಿತು. ಮೊಮ್ಮಗಳ ಕಣ್ಣು ತುಂಬಿತು.

ಮೇಡಂ ಹತ್ತಿರ ಬಂದರು. "ಕುರ್ಚಿ ಬೆಳಗ್ಗೆಯೇ ಕಣ್ಣಿಗೆ ಬಿದ್ದಿತ್ತು, ನೀನಾಗಿ ಹೇಳುತ್ತೀಯಾ ಎಂದು ಕಾದೆ. ಮುಂದಿನ ಭಾನುವಾರ ಪಾಂಡವಪುರ. ನೀನೇ ಬಾ, ನಾಗಮಂಗಲದವರೆಗೂ ನೀನೇ. ಕುರ್ಚಿ ಮಾತ್ರ ಮೊದಲೇ ತಿರುಗಿಸಿಡು."

ಹೊರಗಿದ್ದವರೆಲ್ಲ ನಕ್ಕರು. ಎಲ್ಲರೂ ನಗುವುದನ್ನು ಕಂಡು ಕುಳ್ಳಯ್ಯ ಎದ್ದ. ಮತ್ತೆ ಹುಬ್ಬು ಗಂಟಿಕ್ಕಿ ನಡೆದುಬಿಡುತ್ತಾನೆ ಎಂದುಕೊಂಡೆ. ಅವನು ಮೇಡಂ ಎದುರು ನಿಂತು ಊರಿಗೆಲ್ಲ ಕೇಳುವಂತೆ ಹೇಳಿದ.

"ನಂಗೆ ಕೇಳ್ನಿಲ್ಲ ಕಣವ್ವ. ನನ್ ಮೊಮ್ಮಗ್ಳಿಗೆ ಏನಂದ್ರಿ, ಇನ್ನೊಂದ್ಸಲ ಏಳಿ."

ಜಯಲಕ್ಷ್ಮಮ್ಮನವರು ಅವನ ಕಿವಿಯ ಹತ್ತಿರ ಬಾಗಿ, ಮೊದಲಿನಿಂದ ಎಲ್ಲವನ್ನೂ ಗಟ್ಟಿಯಾಗಿ ಹೇಳಿದರು.