ಪ್ರಾರ್ಥನೆಗೆ ನಾನು ನಿಂತದ್ದು

ಮೂಡಬಿದಿರೆಯ ನಮ್ಮ ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘವನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ರಜೆಯಲ್ಲಿ ಹೋದರು. ಪ್ರಾಂಶುಪಾಲರು ಆ ಹೊಣೆಯನ್ನು ಜೈನನಾದ ನನ್ನ ತಲೆಗೆ ಕಟ್ಟಿದರು.

ಮೊದಲ ಸಭೆಯಲ್ಲೇ ಕಾರ್ಯದರ್ಶಿ ಪ್ರೆಸಿಲ್ಲಾ, "ಸರ್, ಪ್ರಾರ್ಥನೆ ನೀವೇ ಹೇಳಬೇಕು. ಸಿಸ್ಟರ್ ಹಾಗೇ ಮಾಡ್ತಿದ್ದದ್ದು" ಎಂದಳು. ಮಕ್ಕಳೆಲ್ಲ ಎದ್ದು ಕಣ್ಣು ಮುಚ್ಚಿದರು. ಬಸದಿಯ ಮಂತ್ರ ಬಾಯಿಯವರೆಗೆ ಬಂತು, ನುಂಗಿಕೊಂಡೆ. ಬೇರೇನೂ ತೋಚದೆ ನಾನೂ ಕಣ್ಣು ಮುಚ್ಚಿ ನಿಂತೆ. ಎಷ್ಟು ಹೊತ್ತೋ! ಕೊನೆಗೆ ಹಿಂದಿನ ಸಾಲಿನಿಂದ ಯಾರೋ "ಆಮೆನ್" ಎಂದು ನನ್ನನ್ನು ಪಾರುಮಾಡಿದರು.

ಕ್ಷಮೆ ಕೇಳುವ ಅಂದುಕೊಳ್ಳುವಷ್ಟರಲ್ಲಿ ಪ್ರೆಸಿಲ್ಲಾ ಕಣ್ಣೊರೆಸಿಕೊಂಡು ಬಂದಳು. "ನಾಳೆ ಅಮ್ಮನಿಗೆ ಆಪರೇಷನ್ ಉಂಟು ಸರ್. ಇವತ್ತು ದೇವರ ಹತ್ರ ನನ್ನದನ್ನೂ ಹೇಳಿಕೊಳ್ಳಲಿಕ್ಕೆ ಸಮಯ ಸಿಕ್ಕಿತು."

ಸಿಸ್ಟರ್ ವಾಪಸು ಬಂದಾಗಿದೆ. ಸಂಘದವರು ಪ್ರಾರ್ಥನೆಗೆ ಈಗಲೂ ನನ್ನನ್ನೇ ಕರೆಯುತ್ತಾರೆ. ಏನೂ ಹೇಳದಿರಲಿಕ್ಕೆ ಏನು ತಯಾರಿ ಮಾಡಿಕೊಂಡು ಹೋಗುವುದೋ, ನನಗಂತೂ ಗೊತ್ತಾಗುವುದಿಲ್ಲ.