ಎರಡು ಅಂಕಿಯ ತೋಳು

ಹಳೆಯ ಜಾಕೀಟಿನ ಒಳಜೇಬಿನಲ್ಲಿ ಮೊನ್ನೆ ಒಂದು ನೀಲಿ ಚಾಕ್ ಸಿಕ್ಕಿತು. ಶಾಲೆಯ ಚಾಕ್ ಅಲ್ಲ. ಟೇಲರ್‌ಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ತುಂಡು, ಅಂಚು ಸವೆದದ್ದು. ಮೂಗಿನ ಹತ್ತಿರ ಹಿಡಿದಾಗ ಇಸ್ತ್ರಿಯ ಕೆಳಗೆ ಒದ್ದೆ ಬಟ್ಟೆ ಕಾದ ವಾಸನೆ ಬಂದಂತಾಯಿತು. ಬಂದಿರಲಿಕ್ಕಿಲ್ಲ... ಆರೇಳು ವರ್ಷವಾಯಿತು. ಆದರೂ ಆ ವಾಸನೆಯ ಹಿಂದೆ ಹುಬ್ಬಳ್ಳಿ ಬೆಂಗೇರಿಯ ಒಂದು ಅಂಗಡಿ ನೆನಪಾಯಿತು, ಅಂಗಡಿಯ ಹಿಂದೆ ಟೇಲರ್ ಕಾಕಾ.

ನಾನಾಗ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಬಾಡಿಗೆಗೆ ಇದ್ದ ಮನೆಯಿಂದ ನಾಲ್ಕು ಹೆಜ್ಜೆಗೆ ಅವರ ಅಂಗಡಿ. ಒಂದು ಯಂತ್ರ, ಒಂದು ಬೆಂಚು, ಗೋಡೆಯ ಮೇಲೆ ಒಂದು ಕನ್ನಡಿ. ಅದಕ್ಕಿಂತ ಹೆಚ್ಚಿಗೆ ಅಲ್ಲಿ ಜಾಗವಿರಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಕಾಕಾರ ಎಡಗಾಲು ಸೊರಗಿತ್ತು. ನಡೆಯುವಾಗ ಕೈಯನ್ನು ತೊಡೆಗೆ ಊರಿ ನಡೆಯುತ್ತಿದ್ದರು. ಹೊಲಿಯುವಾಗ ಬಲಗಾಲೊಂದರಿಂದಲೇ ಪೆಡಲ್ ತುಳಿಯುತ್ತಿದ್ದರು, ಅದೂ ಎದುರಿಗೆ ಕೂತವರಿಗೆ ಮಾತಾಡಲು ಆಗದಷ್ಟು ಜೋರಾಗಿ. ಬೆಳಿಗ್ಗೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸದೆ ಸೂಜಿ ಮುಟ್ಟುತ್ತಿರಲಿಲ್ಲ. ಓದಿದ್ದಕ್ಕೆ ತಕ್ಕ ತಕರಾರು ನನಗೆ ಕಾದಿರುತ್ತಿತ್ತು.

ಒಮ್ಮೆ ಅಂಗವಿಕಲರ ಹೊಸ ಕಾಯ್ದೆಯ ಬಗ್ಗೆ ಬರೆದಿದ್ದೆ. ಹಳೆಯ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಮಾತ್ರ ಗುರುತಿಸಿತ್ತು, 2016ರದು ಇಪ್ಪತ್ತೊಂದನ್ನು ಗುರುತಿಸಿದೆ. ವೈದ್ಯರ ಮಂಡಳಿ ಶೇಕಡಾ ನಲವತ್ತಕ್ಕಿಂತ ಕಡಿಮೆಯಿಲ್ಲ ಎಂದು ಬರೆದುಕೊಟ್ಟರೆ ಕಾಲೇಜು ಸೀಟಿನಲ್ಲಿ, ಸರಕಾರಿ ಕೆಲಸದಲ್ಲಿ ಮೀಸಲಾತಿ ಇದೆ. ಆದರೆ ಎಣಿಕೆ ಇನ್ನೂ 2011ರ ಗಣತಿಯದೇ. ಅದರ ಪ್ರಕಾರ ದೇಶದಲ್ಲಿ ಎರಡು ಕೋಟಿ ಅರವತ್ತೆಂಟು ಲಕ್ಷ ಮಂದಿ, ಅಂದರೆ ನೂರರಲ್ಲಿ ಎರಡಕ್ಕಿಂತ ತುಸು ಹೆಚ್ಚು. ಅಂಕಿಗಳನ್ನು ಎರಡೆರಡು ಸಲ ತಾಳೆ ನೋಡಿಯೇ ಬರೆದಿದ್ದೆ.

"ಬರ್ರಿ ಪೇಪರ್‌ನವ್ರ. ನಿಮ್ಮ ಲೆಕ್ಕ ತಪ್ಪೈತಿ," ಎಂದರು ಕಾಕಾ.

"ಲೆಕ್ಕ ನಂದಲ್ಲ ಕಾಕಾ, ಸರಕಾರದ್ದು."

"ಹಂಗಾರ ಸರಕಾರದ್ದೂ ತಪ್ಪೈತಿ. ನೂರಕ್ಕ ಎರಡ ಅಂತ! ಈ ಒಂದ ಓಣ್ಯಾಗ ನೋಡೂಣು, ಬರ್ರಿ..."

ಬೆರಳು ಮಡಚತೊಡಗಿದರು. ಎರಡೂ ಕೈಯ ಬೆರಳು ಮುಗಿದು ಮತ್ತೆ ಹೆಬ್ಬೆರಳಿಗೆ ಬಂದರು. ಒಬ್ಬರ ಹೆಸರನ್ನೂ ಹೇಳಲಿಲ್ಲ. ನಾನು ನಂಬದ ಮುಖ ಮಾಡಿದ್ದಕ್ಕೆ ಯಂತ್ರದ ಖಾನೆಯಿಂದ ಅಳತೆಯ ಪುಸ್ತಕ ತೆಗೆದು, ಹೆಸರುಗಳ ಮೇಲೆ ಅಂಗೈ ಮುಚ್ಚಿ, ಅಂಕಿಗಳನ್ನು ಮಾತ್ರ ತೋರಿಸಿದರು. ತೋಳಿನ ಅಳತೆಗೆ ಎಲ್ಲರಿಗೂ ಒಂದೇ ಅಂಕಿ. ಅಲ್ಲಲ್ಲಿ ಮಾತ್ರ ಎರಡು: ಎಡಕ್ಕೊಂದು, ಬಲಕ್ಕೊಂದು. ಪ್ಯಾಂಟಿನ ಉದ್ದಕ್ಕೂ ಹಾಗೆಯೇ. ಒಂದು ಕಡೆ ಬೆನ್ನಿಗೂ ಎರಡು ಅಂಕಿ ಇದ್ದವು.

ಗಣತಿದಾರ ಮನೆ ಬಾಗಿಲಿಗೆ ಬಂದು "ನಿಮ್ಮಲ್ಲಿ ಅಂಥವರು ಯಾರಾದರೂ ಇದ್ದಾರೆಯೇ" ಎಂದರೆ ಜನ ಇಲ್ಲವೆನ್ನುತ್ತಿದ್ದರು. ಅಳತೆಯ ಟೇಪಿಗೆ ಮಾತ್ರ ಇಲ್ಲ ಎನ್ನಲು ಬರುತ್ತಿರಲಿಲ್ಲ. ಕಾಕಾ ಒಂದು ಭುಜಕ್ಕೆ ಒಳಗಿನಿಂದ ಅರಿವೆ ತುಂಬಿ, ಒಂದು ಕಾಲಿನ ಅಂಚನ್ನು ಮೇಲಕ್ಕೆತ್ತಿ, ನೋಡುವವರ ಕಣ್ಣಿಗೆ ಎಲ್ಲವನ್ನೂ ಸರಿಮಾಡಿ ಕಳಿಸುತ್ತಿದ್ದರು. ಅದಕ್ಕೇ ಅವರು ಹೆಸರುವಾಸಿ.

"ಯಾರ್ಯಾರು ಕಾಕಾ?" ಎಂದು ಕೇಳಿದೆ, ವೃತ್ತಿಯ ಚಟಕ್ಕೆ.

"ಅಳತಿ ಹೊರಗ ಹೇಳಂಗಿಲ್ರಿ. ನಿಮಗ ಸುದ್ದಿ ಕೊಟ್ಟವ್ರು ಯಾರಂತ ನಾ ಕೇಳಿದ್ರ ಹೇಳತೀರೇನು?"

"ಇಲ್ಲ."

"ಮತ್ತ?"

"ಹೋಗ್ಲಿ, ಆ ಬೆರಳಿನ್ಯಾಗ ನಿಮ್ಮದು ಎಷ್ಟನೇದು?"

ಕಾಕಾ ನಿಜವಾಗಿಯೇ ಅಚ್ಚರಿಪಟ್ಟರು. "ನಂದ್ಯಾಕ? ನನಗೇನಾಗೈತಿ?"

ಇಬ್ಬರೂ ಅವರ ಕಾಲಿನ ಕಡೆ ನೋಡಿದೆವು. ಆಮೇಲೆ ಅವರು ನಕ್ಕ ನಗೆಗೆ ಎದುರುಮನೆಯ ಕಿಟಕಿ ತೆರೆಯಿತು.

ಎದುರುಮನೆ ಜೋಳದ ವ್ಯಾಪಾರ ಮಾಡುವ ಸಾವಕಾರರದು. ವಾರದೊಳಗೆ ಅವರ ಮಗಳು ನನ್ನ ವರದಿಯ ತುಣುಕು ಹಿಡಿದು ಅಂಗಡಿಗೆ ಬಂದಳು. ಆಗಷ್ಟೇ ಡಿಗ್ರಿ ಮುಗಿಸಿದ್ದಳು. ಬಿ.ಎಡ್. ಮಾಡಿ ಶಿಕ್ಷಕಿಯಾಗಬೇಕೆಂದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಹುಡುಗಿ.

"ಸರ, ಇದು ಖರೇ ಏನ್ರಿ? ಸರ್ಟಿಫಿಕೇಟ್ ಇದ್ರ ಸೀಟ್ ಸಿಗತದ?"

"ಖರೇನ. ಯಾರಿಗೆ ಬೇಕಾಗಿತ್ತು?"

ಅವಳು ಕಾಕಾರ ಕಡೆ ನೋಡಿದಳು. ಕಾಕಾ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಂತೆ ಮಾಡಿದರು. ಆಕೆ ನಿಧಾನವಾಗಿ ಓಢಣಿ ಸರಿಸಿ, ಎಡಗೈಯನ್ನು ಬೆಂಚಿನ ಮೇಲಿಟ್ಟಳು. ಮೊಣಕೈಯಿಂದ ಕೆಳಗೆ ಕೈ ಹುಟ್ಟಿನಿಂದಲೇ ಗೇಣುದ್ದಕ್ಕೇ ನಿಂತಿತ್ತು, ಬೆರಳುಗಳು ಮೊಗ್ಗಿನಷ್ಟೇ. ಮೂರು ವರ್ಷ ಎದುರಿಗೇ ವಾಸವಿದ್ದು, ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ ನಾನು ಅದನ್ನು ನೋಡಿರಲಿಲ್ಲ. ಉದ್ದ ತೋಳು, ತೋಳಿನೊಳಗೆ ಕೈ ಕೂರಲು ಒಂದು ಗುಪ್ತ ಜೇಬು, ತೋಳಿನ ತುದಿಗೆ ತೆಳ್ಳಗೆ ತುಂಬಿದ ಹತ್ತಿ, ಮೇಲೆ ಅದೇ ಕಡೆಗೆ ಬೀಳುವ ಓಢಣಿ... ಅವಳು ಶಾಲೆಗೆ ಹೋಗತೊಡಗಿದ ದಿನದಿಂದ ಎಲ್ಲ ಕಾಕಾರ ಕೈಕೆಲಸ.

ಬಿ.ಎಡ್. ಅರ್ಜಿಯ ಕಡೆಯ ದಿನಕ್ಕೆ ಮೂರು ವಾರ ಇತ್ತು. ಬಂದ ಅಂಕಗಳಿಗೆ ಸಾಮಾನ್ಯ ವರ್ಗದಲ್ಲಿ ಸೀಟು ಸಿಗುವಂತಿರಲಿಲ್ಲ. ಸರ್ಟಿಫಿಕೇಟ್ ಸಿಕ್ಕರೆ ಓದು, ಇಲ್ಲವಾದರೆ ಬರುವ ಬೇಸಿಗೆಗೆ ಲಗ್ನ. ಮನೆಯಲ್ಲಿ ಹಾಗಂತ ಮಾತಾಗಿತ್ತು.

ಸಾವಕಾರರನ್ನು ಕಾಕಾ ಅಂಗಡಿಗೇ ಕರೆಸಿದರು. ಅವರು ಬೆಂಚಿನ ಮೇಲೆ ಕೂಡಲೂ ಇಲ್ಲ.

"ಮಾಸ್ತರ, ನೀ ಬಟ್ಟಿ ಹೊಲಿ. ನನ್ನ ಸಂಸಾರ ಹೊಲಿಯಾಕ ಬರಬ್ಯಾಡ. ಅಂಗವಿಕಲರ ಕಾರ್ಡ್ ಮಾಡಿಸೂದಂದ್ರ ಊರಿಗೆಲ್ಲಾ ಡಂಗುರ ಸಾರಿಧಂಗ. ನಾಳೆ ಹುಡುಗೀನ್ನ ನೋಡಾಕ ಬಂದವ್ರಿಗೆ ಏನ್ ಹೇಳಲಿ?"

"ಲಗ್ನದ ದಿನಾ ತೋಳ ನಾ ಹೊಲದು ಮುಚ್ಚತೇನ್ರಿ ಸಾವಕಾರ್ರ. ಮರುದಿನಾ ಯಾರು ಮುಚ್ಚಬೇಕು?"

ಸಾವಕಾರರು ಸೋಲಲು ಮನಸ್ಸಿಲ್ಲದವರ ದನಿಯಲ್ಲಿ ಹೇಳಿದರು: "ದೊಡ್ಡ ಮಾತ ಆಡತಿ. ಗಣತಿ ಮಾಡಾಂವ ಇದ ಬೆಂಚಿನ ಮ್ಯಾಲ ಕುಂತು ಕೇಳಿದಾಗ ನೀ ಏನಂದಿ? ನನಗೇನೂ ಆಗಿಲ್ಲ, ಇಲ್ಲಂತ ಬರಕೋರಿ ಅಂದಿ. ನಾ ಇಲ್ಲೇ ನಿಂತಿದ್ದೆ. ಮೊದಲ ನೀ ಮಾಡಿಸ್ಕೋ. ಆಮ್ಯಾಲ ನನ್ನ ಮಗಳ ಮಾತು."

ಕಾಕಾ ಯಂತ್ರದಿಂದ ಎದ್ದರು. "ಮಾಡಿಸ್ಕೋತೇನಿ. ಮಂಗಳವಾರ ಧಾರವಾಡದ ದವಾಖಾನ್ಯಾಗ ಮಂಡಳಿ ಕೂಡತೈತಿ. ಇಬ್ರದೂ ಒಮ್ಮೆ ಆಗಲಿ. ಪೇಪರ್‌ನವ್ರ, ನೀವೂ ಬರ್ರಿ. ಸಾಕ್ಷಿ ಬೇಕು, ಸಾವಕಾರ್ರು ಮಾತ ತಿರುಗಿಸ್ತಾರ."

ಮಂಗಳವಾರ ಬೆಳಿಗ್ಗೆ ಚಳಿ ಇತ್ತು, ಅದಕ್ಕೇ ಆ ಜಾಕೀಟು ಹಾಕಿಕೊಂಡಿದ್ದೆ. ನಾವು ನಾಲ್ವರು ಧಾರವಾಡಕ್ಕೆ, ಪ್ರತ್ಯೇಕ ದಾರಿಯಲ್ಲಿ ಓಡುವ ಹೊಸ ಚಿಗರಿ ಬಸ್ಸಿನಲ್ಲಿ ಹೋದೆವು. ಕಾಕಾರಿಗೆ ಅದು ಮೊದಲ ಸಲ. ಇಳಿಜಾರಿನಲ್ಲಿ ನಿಲ್ದಾಣಕ್ಕೆ ಏರಿ, ಕಟ್ಟೆಯಿಂದ ಒಂದೇ ಮಟ್ಟದಲ್ಲಿ ಬಸ್ಸಿನೊಳಗೆ ಕಾಲಿಟ್ಟವರು ಮತ್ತೆ ಹೊರಗೆ ಬಂದು ಇನ್ನೊಮ್ಮೆ ಒಳಗೆ ಹೋದರು. "ಮೆಟ್ಟಲಾನ ಇಲ್ಲಲ್ರಿ! ಇಷ್ಟ ವರ್ಷ ಬಸ್ಸಿನವ್ರು ನನ್ನ ಎತ್ತಿ ಒಗೀತಿದ್ರು, ಜೋಳದ ಚೀಲ ಒಗಧಂಗ," ಎಂದು ಸಾವಕಾರರ ಕಡೆ ಕಣ್ಣು ಮಿಟುಕಿಸಿದರು. ಸಾವಕಾರರು ಕಿಟಕಿಯ ಹೊರಗೆ ನೋಡುತ್ತ ಮೀಸೆಯಲ್ಲೇ ನಕ್ಕರು.

ಆಸ್ಪತ್ರೆಯ ಗೇಟಿನ ಹತ್ತಿರ ಸಾವಕಾರರು ಪರಿಚಯದವರು ಕಂಡಾರೆಂದು ಚಹಾದಂಗಡಿಯಲ್ಲೇ ಉಳಿದರು. ಒಳಗೆ ಸಾಲು ದೊಡ್ಡದಿತ್ತು. ಕಾಕಾ ಇಬ್ಬರ ಕಾಗದವನ್ನೂ ಒಂದೇ ಫೈಲಿನಲ್ಲಿಟ್ಟು ಮೇಜಿನ ಮೇಲೆ ಕೊಟ್ಟರು. ಮೇಜಿನ ಹಿಂದಿದ್ದವರು ಕಾಕಾರ ಕಾಲು ನೋಡಿದರು, ಅವಳ ಕಡೆ ನೋಡಿದರು. "ಪೇಶಂಟ್ ಜೋಡಿ ಬಂದವ್ರು ಆ ಬೆಂಚಿನ ಮ್ಯಾಲ ಕೂಡ್ರಿ," ಎಂದರು.

ಅವಳು ಹೋಗಿ ಕೂತಳು. ಹದಿನೈದು ವರ್ಷದ ರೂಢಿ. ಕೈ ತಾನಾಗಿ ಓಢಣಿಯ ಕೆಳಗೆ ಹೋಯಿತು. ನಾನೂ ಪಕ್ಕದಲ್ಲಿ ಕೂತು ಯಾರೋ ಬಿಟ್ಟುಹೋದ ಪತ್ರಿಕೆ ಓದುತ್ತಿದ್ದೆ, ನನಗೂ ಹೊಳೆಯಲಿಲ್ಲ. ಕಾಕಾರನ್ನು ಕರೆದರು. ಅರ್ಧ ಗಂಟೆಯ ನಂತರ ಹೊರಬಂದವರ ಮುಖ ಅರಳಿತ್ತು.

"ಅರವತ್ತು ಪರ್ಸೆಂಟ್ ಆದೀತಂತ್ರೀ! ಸಾಲ್ಯಾಗ ಎಂದೂ ಇಷ್ಟ ಮಾರ್ಕ್ಸ್ ಬಿದ್ದಿದ್ದಿಲ್ಲ. ಬೇಟಾ, ನಿನಗೆಷ್ಟಂದ್ರು?"

"ನನ್ನ ಕರೀಲೇ ಇಲ್ಲ ಕಾಕಾ."

ಮೇಜಿನವರು ಅಂದಿನ ಪಟ್ಟಿ ಮುಗಿಯಿತೆಂದು ಕಾಗದ ಜೋಡಿಸುತ್ತಿದ್ದರು. ಫೈಲಿನಲ್ಲಿ ಇನ್ನೊಂದು ಅರ್ಜಿ ಇದೆಯೆಂದು ಕಾಕಾ ಹೇಳಿದಾಗ ಅವರು ತೆಗೆದು ನೋಡಿ, "ಇದೆ. ಪೇಶಂಟ್ ಎಲ್ಲದಾರ?" ಎಂದು ಕೇಳಿದರು. ಪೇಶಂಟ್ ಅವರೆದುರಿಗೇ ನಿಂತಿದ್ದಳು.

ಕಾಕಾ ಹಣೆ ಬಡಿದುಕೊಂಡರು. ಆ ದಿನಕ್ಕೆಂದೇ ಅವಳಿಗೆ ಹೊಸ ಡ್ರೆಸ್ ಹೊಲಿದುಕೊಟ್ಟಿದ್ದರು. ಯಾವ ದಿನಕ್ಕೆ ಹೊಲಿಯುತ್ತಿದ್ದೇನೆ ಎಂಬುದನ್ನೇ ಕೈ ಮರೆತಿತ್ತು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ಮುಚ್ಚಿರಲಿಲ್ಲ.

"ತೋಳ ಹರೀರಿ ಕಾಕಾ," ಎಂದಳು ಅವಳು.

"ಹರಿಯೂದ್ಯಾಕ? ಹೊಲಗಿ ಹಾಕಿದಾಂವಗ ಬಿಚ್ಚಾಕ ಬರೂದಿಲ್ಲೇನು?" ಜೇಬು ತಡಕಿದರು. ಟೇಪು ಬಂತು, ಚಾಕ್ ಬಂತು, ಎರಡನ್ನೂ ನನ್ನ ಕೈಗೆ ತುರುಕಿದರು, ಚಾಕನ್ನು ನಾನು ಒಳಜೇಬಿಗೆ ಹಾಕಿಕೊಂಡೆ. ಕೊನೆಗೆ ಪುಟ್ಟ ಕತ್ತರಿ ಸಿಕ್ಕಿತು. ಅಲ್ಲೇ, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಂತೆ, ತೋಳಿನ ಹೊಲಿಗೆಯನ್ನು ಒಂದೊಂದೇ ಬಿಚ್ಚತೊಡಗಿದರು. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. ಹತ್ತಿ ಕೆಳಗೆ ಬಿತ್ತು. ಕೈ ಹೊರಗೆ ಬಂತು. ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ, ಊರುಗೋಲು ಪಕ್ಕಕ್ಕಿಟ್ಟು, "ಎಷ್ಟ ಬೆಳ್ಳಗ ಐತಿ ನೋಡವ್ವಾ ಕೈ," ಎಂದಳು.

ಅವಳು ಆ ಕೈಯನ್ನು ಮೇಜಿನ ಮೇಲಿಟ್ಟಳು. "ನಾ ಜೋಡಿ ಬಂದಾಕಿ ಅಲ್ರಿ. ಇದು ನನ್ನ ಪಾಳಿ."

ವೈದ್ಯರು ಇನ್ನೂ ಎದ್ದಿರಲಿಲ್ಲ. ಕರೆದರು.

ಗೇಟಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಸಾವಕಾರರು ಮಗಳ ಬಿಚ್ಚಿದ ತೋಳನ್ನು ನೋಡಿದರು, ಸುತ್ತಲಿನ ಜನರನ್ನು ನೋಡಿದರು. ಏನು ಹೇಳುತ್ತಾರೋ ಎಂದು ನಾವೆಲ್ಲ ನಿಂತೆವು. "ಬಿಸಲಿಗೆ ಕೈ ಕಪ್ಪಾದೀತು, ಈ ಕಡೆ ನೆರಳಿಗೆ ಬಾ," ಎಂದರು. ಆಮೇಲೆ ಚಹಾದವನಿಗೆ ನಾಲ್ಕು ಚಹಾ ಹೇಳಿದರು.

ಅರ್ಜಿಯ ಕಡೆಯ ದಿನಕ್ಕೆ ಮುಂಚೆಯೇ ಸರ್ಟಿಫಿಕೇಟ್ ಕೈಸೇರಿತು, ಸೀಟೂ ಸಿಕ್ಕಿತು. ಕಾಲೇಜಿಗೆ ಅವಳು ಅರ್ಧ ತೋಳಿನ ಡ್ರೆಸ್ ಹೊಲಿಸಿದಳು. ಆ ದಿನ ಕಾಕಾ ನನ್ನನ್ನು ಕೂಗಿ ಕರೆದರು. ಅವಳನ್ನು ಕೇಳಿ, ಒಪ್ಪಿಗೆ ಪಡೆದೇ ಅಳತೆಯ ಪುಸ್ತಕ ತೋರಿಸಿದರು. ಮೊಣಕೈಯ ಮೇಲೆ ಅವಳ ಎರಡೂ ಕೈ ಒಂದೇ ಸಮ. ತೋಳಿನ ಅಳತೆಯಲ್ಲಿ ಅವಳ ಹೆಸರಿನ ಮುಂದೆ ಮೊದಲ ಸಲ ಒಂದೇ ಅಂಕಿ ಇತ್ತು.

ಆಮೇಲೆ ಓಣಿಯವರು ಒಬ್ಬೊಬ್ಬರಾಗಿ ಕಾಕಾರ ಹತ್ತಿರ ಬಂದರು. ಅಳತೆ ಕೊಡುವ ನೆಪದಲ್ಲಿ ಅರ್ಜಿಯ ಮಾತು ತೆಗೆಯುತ್ತಿದ್ದರು. ಎಷ್ಟು ಜನ ಎಂದು ನಾನು ಕೇಳಿದರೆ ಕಾಕಾ ಬೆರಳು ತೋರಿಸುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ. ಸ್ವಂತ ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದರು. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಪೇಪರ್‌ನವ್ರ, ಗಣತಿ ಯಾವಾಗ್ರಿ? ಈ ಸಲ ನಾ ‘ಹೌದು’ ಅನ್ನಬೇಕು." 2021ರಲ್ಲಿ ಎಂದೆ. ಕೊರೊನಾ ಬಂತು, ಮುಂದೆ ಹೋಯಿತು. ಮುಂದಿನ ವರ್ಷ ಎಂದೆ. ಮತ್ತೆ ಮುಂದೆ ಹೋಯಿತು. ಪ್ರತಿ ಸಲವೂ ಸರಕಾರಿ ಪ್ರಕಟಣೆಯ ಸುದ್ದಿಯನ್ನು ನಾನೇ ಬರೆದೆ, ಅವರೇ ಮೊದಲು ಓದಿದರು... ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಪತ್ರಿಕೆ ಅಂಗಡಿಯ ಬಾಗಿಲಲ್ಲಿ ಬಿದ್ದಂತೆಯೇ ಬಿದ್ದಿತ್ತು. ಎತ್ತಿಕೊಳ್ಳಲು ಅವರಿರಲಿಲ್ಲ.

ಈಗ ಆ ಹುಡುಗಿ ಸರಕಾರಿ ಶಾಲೆಯ ಶಿಕ್ಷಕಿ. ಕೊನೆಗೂ ಗಣತಿ ಬಂದಿದೆ, ಗಣತಿಯ ಕೆಲಸ ಶಿಕ್ಷಕರಿಗೇ ಬಂದಿದೆ. ಚಾಕ್ ಸಿಕ್ಕ ಸಂಜೆಯೇ ಅವಳಿಗೆ ಫೋನ್ ಮಾಡಿದೆ.

"ನನಗೂ ಆರ್ಡರ್ ಬಂದೈತ್ರಿ ಸರ. ಬೆಂಗೇರಿನ ಕೊಟ್ಟಾರ. ಮನಿ ಎಣಿಸೂದು ಆತು, ಇನ್ನ ಮಂದಿ ಎಣಿಸೂದು."

"ಆ ಪ್ರಶ್ನೆ ಬಂದಾಗ ಜನ ಇಲ್ಲ ಅಂದ್ರ?"

"ಈ ಸಲ ಬರಕೊಳ್ಳೂದು ಫೋನಿನ್ಯಾಗ. ಎಡಗೈ ಮ್ಯಾಲ ಫೋನ್ ಇಟಗೊಂಡು ಇನ್ನೊಮ್ಮೆ ಕೇಳತೇನಿ," ಎಂದು ನಕ್ಕಳು. ಕಾಕಾರ ನಗೆಯಷ್ಟೇ ಜೋರು. ಆಮೇಲೆ ದನಿ ತಗ್ಗಿತು. "ಕಾಕಾರ ಮನೀನೂ ನನ್ನ ಪಾಲಿಗ ಬಂದೈತ್ರಿ. ಕಾಕಿ ಒಬ್ಬಾಕಿನ ಅದಾಳ."

ಕಳೆದ ಗಣತಿಯಲ್ಲಿ ಟೇಲರ್ ಕಾಕಾ ಇದ್ದೂ ಲೆಕ್ಕಕ್ಕೆ ಬರಲಿಲ್ಲ. ಈ ಸಲ ಬರಬೇಕೆಂದರೂ ಅವರಿಲ್ಲ. ಇಲ್ಲದವರನ್ನು ಬರೆಯಲು ಗಣತಿಯಲ್ಲಿ ಜಾಗವಿಲ್ಲ. ಅದು ಇರಬೇಕಾದ್ದೇ ಹಾಗೆ. ಚಾಕ್ ಅವಳಿಗೆ ಕೊಡಲೇ ಎಂದು ಕೇಳಿದೆ.

"ಕೊಡ್ರಿ ಸರ," ಎಂದಳು. "ನಾಳೆ ಕ್ಲಾಸಿನ್ಯಾಗ ಹಲಗಿ ಮ್ಯಾಲ ಕಾಕಾರ ಹೆಸರ ಬರೀತೇನಿ."